ಎಳೆಯುವ ಕೈ, ತಳ್ಳುವ ಕೈ

ಬೆಳಿಗ್ಗೆ ಕಾಫಿಯ ಲೋಟ ಕೆಳಗಿಟ್ಟು, ಪಂಚೆ ಕಳಚಿ ಪ್ಯಾಂಟು ತೊಟ್ಟು, "ಗಾಡಿ ತೆಗೀತೀನಿ" ಎಂದು ಅಂಗಳಕ್ಕಿಳಿಯುವಾಗ ಇವತ್ತಿಗೂ ನನ್ನ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ತಪ್ಪು ಆ 'ಗಾಡಿ' ಎಂಬ ಮಾತಿನದು. ನಮ್ಮ ಭಾಷೆ ಬಹಳ ಉದಾರಿ. ಎತ್ತು ಎಳೆದರೂ ಗಾಡಿ, ಪೆಟ್ರೋಲು ಕುಡಿದು ಹೊಗೆ ಕಾರಿದರೂ ಗಾಡಿ, ಸಾಲದ್ದಕ್ಕೆ ಎರಡನ್ನೂ ನಾವು 'ಹೊಡೆಯುತ್ತೇವೆ'. ಓದುಗ ಮಿತ್ರರೇ, ಈ ಔದಾರ್ಯವನ್ನು ನಂಬಿ ನಾನು ಕೆಟ್ಟೆ. ಎತ್ತಿನ ಗಾಡಿ ಹೊಡೆಯಬಲ್ಲವನು ಮೋಟಾರ್ ಸೈಕಲ್ಲನ್ನೂ ಹೊಡೆಯಬಲ್ಲನೆಂದು ತಿಳಿದಿದ್ದೆ.

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆ ನಿಂತು, ಪೌರೋಹಿತ್ಯ ಬಿಟ್ಟು ಬೇಸಾಯ ಹಿಡಿದವರು. ಕೊಡಗೆಂದರೆ ಬೆಟ್ಟ, ಬೆಟ್ಟವೆಂದರೆ ತಿರುವು ಎಂದುಕೊಂಡವರು ಒಮ್ಮೆ ನಮ್ಮೂರ ಕಡೆಗೆ ಬರಬೇಕು. ಅಲ್ಲಿ ರಸ್ತೆಗಳು ಒಳ್ಳೆಯ ಮನುಷ್ಯನ ಮಾತಿನ ಹಾಗೆ ನೆಟ್ಟಗೆ ಹೋಗುತ್ತವೆ. ಆ ನೆಟ್ಟಗಿನ ರಸ್ತೆಯಲ್ಲಿ ನಮ್ಮಪ್ಪ ನನ್ನನ್ನು ಗಾಡಿಯ ಮುಂದೆ ಕೂರಿಸಿಕೊಂಡು, ಎರಡೂ ಹಗ್ಗಗಳನ್ನು ಕೈಗೆ ಕೊಟ್ಟು ಕಲಿಸಿದ ಪಾಠ ಒಂದೇ: "ಬಲಕ್ಕೆ ಹೋಗ್ಬೇಕಾ, ಬಲದ ಹಗ್ಗ ಎಳಿ. ಎಡಕ್ಕಾ, ಎಡದ್ದು ಎಳಿ. ಮಿಕ್ಕಿದ್ದು ಎತ್ತಿಗೆ ಗೊತ್ತು." ಇಂಥ ಸರಳವಾದ ಶಾಸ್ತ್ರ ನನಗೆ ಮುಂದೆ ಯಾವ ಶಾಲೆಯಲ್ಲೂ ಸಿಗಲಿಲ್ಲ. ಆಮೇಲೆ ಯುದ್ಧದಿಂದ ಮರಳಿದ ನೆರೆಯೂರಿನ ಸಿಪಾಯಿಯೊಬ್ಬರಿಂದ ಮಿಲಿಟರಿ ಹಸಿರು ಬಣ್ಣದ ಹಳೆಯ ಮೋಟಾರ್ ಸೈಕಲ್ಲನ್ನು ಕೊಂಡಾಗ, ಹ್ಯಾಂಡಲಿನ ಎರಡು ಹಿಡಿಗಳು ನನಗೆ ಎರಡು ಹಗ್ಗಗಳಂತೆಯೇ ಕಂಡವು. ನೆಟ್ಟಗಿನ ರಸ್ತೆಯಲ್ಲಿ ಓಡಿಸಿ, ನಾನೇ ಕಲಿತೆನೆಂದು ಬೀಗಿ, ಮೀಸೆಯನ್ನೂ ತುಸು ತಿರುವಿಕೊಂಡೆ. ತಿರುವಲು ಬಂದದ್ದು ಮೀಸೆಯೊಂದೇ ಎಂಬುದು ಆಗ ಗೊತ್ತಿರಲಿಲ್ಲ.

ಆಗ ಕೊಡಗೇ ಒಂದು ಪ್ರತ್ಯೇಕ ರಾಜ್ಯ. ಬೆಳಿಗ್ಗೆ ಒಂದು ಗಡಿಯಲ್ಲಿ ಹೊರಟವನು ಸಂಜೆಗೆ ಇನ್ನೊಂದು ಗಡಿಯಲ್ಲಿ ಊಟಕ್ಕೆ ಕೂರಬಹುದಾದಷ್ಟು ಪುಟ್ಟ ರಾಜ್ಯ. ಆದರೂ ಅದಕ್ಕೊಂದು ರಾಜಧಾನಿ ಬೇಕು, ರಾಜಧಾನಿಗೆ ಕಚೇರಿಗಳು ಬೇಕು, ಕಚೇರಿಗೆ ಗುಮಾಸ್ತರು ಬೇಕು. ಹಾಗೆ ನಾನು ಮಡಿಕೇರಿಗೆ ಬಂದೆ. ಅಲ್ಲೇ ಮದುವೆಯೂ ಆಯಿತು. ಜಾನಕಿ ಪುರೋಹಿತರ ಮನೆಯ ಒಬ್ಬಳೇ ಮಗಳು. ತಂದೆ ತೀರಿಕೊಂಡ ಮೇಲೆ ತಾಯಿ ಹಟ ಹಿಡಿದು ಓದಿಸಿ, ಟ್ರೈನಿಂಗ್ ಮಾಡಿಸಿ, ಟೀಚರ್ ಮಾಡಿದ್ದರು. ನನಗೆ ಸರ್ಕಾರಿ ಕ್ವಾರ್ಟರ್ಸ್ ಸಿಗುವತನಕ ಅತ್ತೆಯ ಮನೆಯಲ್ಲೇ ಬಿಡಾರವೆಂದಾಯಿತು. ಮನೆಯಳಿಯನೆಂಬ ಬಿರುದಿನ ಕೆಳಗೆ ತಲೆಯೆತ್ತಿ ನಡೆಯಲು ನನಗೆ ಉಳಿದಿದ್ದ ಆಸರೆ ಆ ಹಸಿರು ಮೋಟಾರ್ ಸೈಕಲ್ ಒಂದೇ. ಜಾನಕಿಯ ಶಾಲೆ ಊರಿನಿಂದ ಕೆಳಗೆ, ಘಟ್ಟದ ರಸ್ತೆಯಲ್ಲಿತ್ತು. ಸಂಜೆ ಬರಲು ಬಸ್ಸಿತ್ತು. ಬೆಳಗಿನ ಬಸ್ಸು ಮಾತ್ರ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ತಲುಪುತ್ತಿತ್ತು. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಅದಕ್ಕೇನು, ನಾನು ಬಿಡ್ತೀನಿ" ಎಂದೆ ನಾನು, ರಥವೊಂದನ್ನು ದಾನ ಕೊಡುವವನಂತೆ.

ಆ ದಾರಿಯಲ್ಲಿ ಹಲಸಿನಮರದ ತಿರುವು ಎಂದೊಂದಿದೆ. ರಸ್ತೆ ಇಳಿಯುತ್ತಾ ಬಂದು ಕುದುರೆ ಲಾಳದ ಹಾಗೆ ಎಡಕ್ಕೆ ಬಳಸಿ ಮತ್ತೆ ಇಳಿಯುತ್ತದೆ. ತಿರುವಿನ ಹೊರಮಗ್ಗುಲಲ್ಲಿ, ಬಲಕ್ಕೆ, ಒಂದು ಚರಂಡಿ. ಚರಂಡಿಯಾಚೆ ಆ ಮರ. ಮೊದಲ ದಿನ, ಜಾನಕಿ ಹಿಂದೆ ಒಂದೇ ಕಡೆಗೆ ಕಾಲಿಳಿಬಿಟ್ಟು ಅಡ್ಡ ಕುಳಿತಿದ್ದಾಳೆ, ಇಳಿಜಾರು ಗಾಡಿಯನ್ನು ದೂಡುತ್ತಿದೆ, ತಿರುವು ಬಂತು. ನಾನು ಅಪ್ಪನ ಶಾಸ್ತ್ರದಂತೆ ಎಡದ ಹಿಡಿಯನ್ನು ನನ್ನತ್ತ ಎಳೆದೆ. ಗಾಡಿ ಬಲಕ್ಕೆ ನುಗ್ಗಿತು. ಇನ್ನೂ ಗಟ್ಟಿಯಾಗಿ ಎಳೆದೆ; ಇನ್ನೂ ಬಲಕ್ಕೆ ಹೋಯಿತು. 'ತಿರುಗಿಬೀಳುವುದು' ಎಂಬ ಮಾತಿನ ಪೂರ್ತಿ ಅರ್ಥ ನನಗೆ ಹೊಳೆದದ್ದು ಅಲ್ಲಿ: ತಿರುಗು ಎಂದರೆ ಬೀಳಲು ಹೊರಟಿತ್ತು. ಹೇಗೋ ಬ್ರೇಕು ಹಾಕಿ, ಕಾಲು ಊರಿ, ಚರಂಡಿಯ ಅಂಚಿನಲ್ಲಿ ನಿಂತೆವು. ಜಾನಕಿಯ ಒಂದು ಚಪ್ಪಲಿ ಹಾರಿ ಚರಂಡಿಗೆ ಬಿದ್ದಿತ್ತು. ಅವಳು ಇಳಿದು ಅದನ್ನು ಹೆಕ್ಕಿಕೊಂಡಳು.

ಮರುದಿನ ತಿರುವಿಗೆ ಇನ್ನೂ ಸ್ವಲ್ಪ ದೂರವಿರುವಾಗ ಹೆಗಲ ಮೇಲೆ ಮೆಲ್ಲಗೆ ತಟ್ಟಿದಳು. "ಇಲ್ಲೇ ನಿಲ್ಸಿ ರೀ. ನಾನು ಒಳದಾರೀಲಿ ಇಳ್ದು ಬರ್ತೀನಿ, ನೀವು ಬಳಸ್ಕೊಂಡು ಬನ್ನಿ." ಕಾಫಿ ತೋಟದ ನಡುವೆ ಕಡಿದಾದ ಕಾಲುದಾರಿಯೊಂದು ಮೇಲಿನ ರಸ್ತೆಯಿಂದ ಕೆಳಗಿನ ರಸ್ತೆಗೆ ಇಳಿಯುತ್ತಿತ್ತು. ಅಂದಿನಿಂದ ಅದೇ ರೂಢಿಯಾಯಿತು. ಅವಳು ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಕೊಡೆ ಹಿಡಿದು ಜಾರುತ್ತಾ ಇಳಿಯುವಳು. ನಾನು ಎರಡೂ ಕಾಲು ನೆಲಕ್ಕೆ ಒರೆಸುತ್ತಾ ತಿರುವನ್ನು ದಾಟಿ ಕೆಳಗೆ ಕಾಯುವೆನು. ಮಳೆಗಾಲ ಹಿಡಿದ ಮೇಲೆ ಶಾಲೆಯ ಮೆಟ್ಟಿಲ ಮೇಲೆ ಕುಳಿತು ಕಾಲಿನ ಜಿಗಣೆ ಬಿಡಿಸಿಕೊಂಡು ಒಳಗೆ ಹೋಗುವಳು.

ಆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು ಕೆಲಸದವರ ಹಾಜರಿ ಹಾಕಲು ಬೆಳಿಗ್ಗೆ ಕಾಲುದಾರಿ ಕೆಳಗಿನ ರಸ್ತೆ ಸೇರುವಲ್ಲೇ ನಿಂತಿರುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು. "ಎಂತ ಟೀಚರಮ್ಮ, ದಿನಾ ನಡೆದೇ ಇಳೀತೀರಲ್ಲ? ಸಾರ್‌ದು ಗಾಡಿ ಉಂಟಲ್ಲ?"

ನಾನು ಇಂಜಿನ್ ಆರಿಸದೆ ಕೆಳಗಿನ ರಸ್ತೆಯಲ್ಲೇ ನಿಂತಿದ್ದೆ. ನನ್ನ ಕಿವಿ ಬಿಸಿಯಾಯಿತು. ಜಾನಕಿ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಗಾಡಿ ತಿರುಗಿದ್ರೆ ನಂಗೆ ತಲೆ ಸುತ್ತುತ್ತೆ ರೈಟ್ರೇ. ಅದಕ್ಕೇ ಪಾಪ, ಅವ್ರು ನಿಲ್ಲಿಸ್ತಾರೆ."

ಈ 'ಪಾಪ' ನನಗೆ ಸಂದದ್ದು. ರೈಟರು ನನ್ನತ್ತ ನೋಡಿ, ಇಂಥ ತಾಳ್ಮೆಯ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂಬಂತೆ ತಲೆಯಾಡಿಸಿದರು. ನಿಜ ಹೇಳುತ್ತೇನೆ, ಆಗ ಮೊದಲು ನನಗಾದದ್ದು ನಾಚಿಕೆಯಲ್ಲ, ನೆಮ್ಮದಿ. ಸದ್ಯ, ಮಾನ ಉಳಿಯಿತು! ನಾಚಿಕೆ ಬಂದದ್ದು ಆಮೇಲೆ, ಒಬ್ಬನೇ ಮಡಿಕೇರಿಗೆ ಹತ್ತುವಾಗ. ನೆಮ್ಮದಿಯಾಯಿತಲ್ಲ ಎಂದೇ ನಾಚಿಕೆಯಾಯಿತು.

ಹೊಸದಾಗಿ ಮದುವೆಯಾದ ಹುಡುಗಿಗೆ ತಲೆ ಸುತ್ತುತ್ತದೆಂಬ ಸುದ್ದಿ ಒಂದು ಊರಿನಲ್ಲಿ ಏನೇನು ಮಾಡಬಲ್ಲದೆಂದು ನಿಮಗೆ ಬಿಡಿಸಿ ಹೇಳಬೇಕೇ? ಕೇರಿಯ ಹೆಂಗಸರು ನನ್ನನ್ನು ಕಂಡು ಸೆರಗಿನ ಮರೆಯಲ್ಲಿ ನಕ್ಕರು. ಪಕ್ಕದ ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ಬಂತು. ತಿಂಗಳು ಕಳೆದು, ಅಂಥದ್ದೇನೂ ಇಲ್ಲವೆಂದು ತಿಳಿದ ಮೇಲೆ ಅತ್ತೆಯ ಮುಖದಲ್ಲಿ ಸಂಭ್ರಮ ಹೋಗಿ ಚಿಂತೆ ಬಂತು. ಪಿತ್ತ ಕೆರಳಿದೆ ಎಂದು ತಾವೇ ನಿರ್ಧರಿಸಿ, ಹಿತ್ತಲಿನ ಅಮೃತಬಳ್ಳಿ ಜಜ್ಜಿ ಕಷಾಯ ಕಾಯಿಸತೊಡಗಿದರು. ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಜಾನಕಿ ನಿಂತುಕೊಂಡೇ ಅದನ್ನು ಕುಡಿದು, ಲೋಟ ತೊಳೆದಿಟ್ಟು ಹೊರಡುತ್ತಿದ್ದಳು. ಕೊನೆಗೊಂದು ದಿನ ಅತ್ತೆ ನನ್ನ ಮುಂದೆಯೇ ಅವಳಿಗೆ ಹೇಳಿದರು: "ದಸರಾ ರಜೆ ತನಕ ನೋಡೋಣ. ಆಮೇಲೂ ಹೀಗೇ ಇದ್ರೆ ಸ್ಕೂಲು ಸಾಕು. ದಾರೀಲಿ ಎಲ್ಲಾದ್ರೂ ಬಿದ್ರೆ ಯಾರಿಗೆ ಹೇಳೋದು?"

ಮಗಳನ್ನು ಟೀಚರ್ ಮಾಡಲು ಹಟ ಹಿಡಿದಿದ್ದ ತಾಯಿಯೇ ಅದನ್ನು ಬಿಡಿಸಲು ಹೊರಟಿದ್ದರು. ತಡೆಯಲು ನನ್ನ ಒಂದು ಮಾತು ಸಾಕಿತ್ತು: ಅತ್ತೇ, ನನಗೆ ಗಾಡಿ ತಿರುಗಿಸಲು ಬರುವುದಿಲ್ಲ. ಆ ಮಾತು ಬಾಯಲ್ಲಿ ಬಿಸಿತುಪ್ಪವಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವಳಿಗಿಂತ ಕೀಳು, ನೆಲ ನಿಜವಾಗಿಯೂ ಡೊಂಕಾಗಿದ್ದ ಊರಿನಲ್ಲಿ ಹೆಂಡತಿಯ ತಲೆ ಡೊಂಕೆಂದು ಜನ ನಂಬಲು ಬಿಟ್ಟವನು. ಬೇರೆಯವರ ಮುಂದೆ ಅವಮಾನವಾದರೆ ಅದಕ್ಕೊಂದು ಕೊನೆಯಿದೆ, ಜನ ನಕ್ಕು ಮರೆಯುತ್ತಾರೆ. ಒಬ್ಬರು ನಮ್ಮ ಮಾನ ಕಾಯಲು ತಮ್ಮ ಮಾನ ಬಿಟ್ಟುಕೊಟ್ಟು, ಅದನ್ನು ಹೇಳಿಕೊಳ್ಳದೆ ಎದುರಿಗೇ ಓಡಾಡಿಕೊಂಡಿದ್ದರೆ ಆ ನಾಚಿಕೆಯನ್ನು ಎಲ್ಲಿ ಬಚ್ಚಿಡುವುದು? ಮಾನವನ್ನು ನನ್ನತ್ತ ಎಳೆದುಕೊಂಡಷ್ಟೂ ನಾನು ಚರಂಡಿಯತ್ತಲೇ ಹೋಗುತ್ತಿದ್ದೆ.

ದಸರಾ ಹತ್ತಿರವಾದಾಗ, ಒಂದು ಶನಿವಾರ ಸಂಜೆ, ಜಾನಕಿ ಬಟ್ಟೆ ಒಣಹಾಕುವ ಕೋಲು ಹಿಡಿದು ಜಗಲಿಗೆ ಬಂದಳು. "ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ" ಎಂದಳು. ಬೇಜಾರು ಮಾಡಿಕೊಳ್ಳುವ ಯೋಗ್ಯತೆ ನನ್ನಲ್ಲಿ ಉಳಿದಿರಲಿಲ್ಲ.

"ಹಿಂದೆ ಕೂತು ನಂಗೇನು ಕೆಲಸ? ನಿಮ್ಮ ಬೆನ್ನು ಬಿಟ್ರೆ ಕಾಣೋದು ನಿಮ್ಮ ಎಡಗೈ ಒಂದೇ. ಸಣ್ಣಪುಟ್ಟ ತಿರುವಲ್ಲಿ ನೀವು ಚೆನ್ನಾಗೇ ಹೋಗ್ತೀರಿ. ಆಗ ನಿಮ್ಮ ಕೈ ಏನ್ ಮಾಡುತ್ತೆ ಗೊತ್ತಾ? ಎಡಕ್ಕೆ ಹೋಗೋ ಮುಂಚೆ ಎಡಗೈ ಒಂಚೂರು ಮುಂದಕ್ಕೆ ಹೋಗುತ್ತೆ. ತಳ್ಳುತ್ತೆ. ದೊಡ್ಡ ತಿರುವು ಬಂದಾಗ ಮಾತ್ರ ನೀವು ಹೆದರಿ ಅದನ್ನ ಹಿಂದಕ್ಕೆ ಎಳೀತೀರಿ."

"ತಳ್ಳಿದ್ರೆ ಹ್ಯಾಂಡಲ್ ಬಲಕ್ಕೆ ತಿರುಗೋದಿಲ್ವೇನೇ? ಎಡಕ್ಕೆ ಹೋಗೋನು ಬಲಕ್ಕೆ ತಿರುಗಿಸ್ತಾನಾ?"

"ನೋಡಿ" ಎಂದು ಆ ಕೋಲನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದಳು. "ಈಗ ಇದು ಎಡಕ್ಕೆ ವಾಲ್ಬೇಕು. ನನ್ನ ಕೈ ಎತ್ತ ಸರೀಬೇಕು?" ಅಂಗೈಯನ್ನು ತುಸು ಬಲಕ್ಕೆ ಸರಿಸಿದಳು. ಕೋಲು ಎಡಕ್ಕೆ ವಾಲಿತು.

ನಾನು ಆ ಕೋಲನ್ನು ಈಸಿಕೊಂಡು ನನ್ನ ಅಂಗೈ ಮೇಲೂ ನಿಲ್ಲಿಸಿ ನೋಡಿದೆ. ನಡಿಗೆಯ ವೇಗದಲ್ಲಿ ಹ್ಯಾಂಡಲನ್ನು ಎತ್ತ ತಿರುಗಿಸಿದರೆ ಗಾಡಿ ಅತ್ತಲೇ ಹೋಗುತ್ತದೆ; ಅಲ್ಲಿಯವರೆಗೆ ಅಪ್ಪನ ಶಾಸ್ತ್ರ ಸರಿ. ಆದರೆ ವೇಗ ಬಂದ ಮೇಲೆ ಎರಡು ಚಕ್ರದ ಗಾಡಿ ಸುಮ್ಮನೆ ತಿರುಗುವುದಿಲ್ಲ. ಅದು ಮೊದಲು ಬಾಗಬೇಕು, ಬಾಗಿದ್ದರಿಂದ ತಿರುಗಬೇಕು. ಎಡಕ್ಕೆ ಬಾಗಬೇಕಾದರೆ ಅದರ ಬುಡ ಬಲಕ್ಕೆ ಸರಿಯಬೇಕು. ಎಡದ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದರೆ ಮುಂದಿನ ಚಕ್ರ ಕೂದಲೆಳೆಯಷ್ಟು ಬಲಕ್ಕೆ ಹೊರಳುತ್ತದೆ, ಬುಡ ಬಲಕ್ಕೆ ಸರಿಯುತ್ತದೆ, ಮೈ ಎಡಕ್ಕೆ ವಾಲುತ್ತದೆ; ವಾಲಿದೊಡನೆ ಚಕ್ರ ತಾನಾಗಿಯೇ ಎಡಕ್ಕೆ ಹೊರಳಿ ತಿರುವನ್ನು ಹಿಡಿದುಕೊಳ್ಳುತ್ತದೆ. ನಾನು ಎಳೆದಾಗ ಆದದ್ದು ಇದೇ, ತಲೆಕೆಳಗಾಗಿ. ಗಾಡಿ ಬಲಕ್ಕೆ ನುಗ್ಗಿದ್ದು ಹಟದಿಂದಲ್ಲ, ನನ್ನ ಮಾತನ್ನು ಅಕ್ಷರಶಃ ಪಾಲಿಸಿ! ನನ್ನ ಕೈಗೆ ಇದೆಲ್ಲ ಮೊದಲೇ ಗೊತ್ತಿತ್ತೆಂಬುದು ಇನ್ನೂ ಸೋಜಿಗ. ಯೋಚಿಸದೆ ಇದ್ದಾಗ ಅದು ಸರಿಯಾಗಿಯೇ ತಳ್ಳುತ್ತಿತ್ತು. ಬುದ್ಧಿ ಬಂದು ಯಜಮಾನಿಕೆ ಮಾಡಿದಾಗಲೇ ಕೆಡುತ್ತಿತ್ತು.

ಭಾನುವಾರ ಒಬ್ಬನೇ ಹೋದೆ. ಅಗಲವಾದ ರಸ್ತೆಯಲ್ಲಿ ಎಡದ ಹಿಡಿಯನ್ನು ಒಂದು ಬೆರಳಿನಷ್ಟು ಒತ್ತಿ ನೋಡಿದೆ. ಗಾಡಿ ಎಡಕ್ಕೆ ಬಾಗಿತು, ಹೋಯಿತು. ಬಲವನ್ನು ಒತ್ತಿದೆ, ಬಲಕ್ಕೆ ಬಾಗಿತು. ಇಷ್ಟು ಸುಲಭವೇ ಎಂದು ಸಂತೋಷವಾಗಬೇಕಿತ್ತು. ಇಷ್ಟು ಸುಲಭದ್ದಕ್ಕಾಗಿ ಅವಳು ಜಿಗಣೆ ಕಚ್ಚಿಸಿಕೊಂಡಳಲ್ಲ ಎಂದು ಕಣ್ಣು ಮಂಜಾಯಿತು.

ಸೋಮವಾರ ಹಲಸಿನಮರದ ತಿರುವು ಬಂತು. ಹೆಗಲ ಮೇಲೆ ಕೈ ತಟ್ಟಲಿಲ್ಲ. ಅದು ಅಲ್ಲೇ ಗಟ್ಟಿಯಾಗಿ ಹಿಡಿದುಕೊಂಡಿತು, ಅಷ್ಟೆ. ನಾನು ಮರವನ್ನು ನೋಡದೆ, ತಿರುವಿನಾಚೆ ಕಾಣುತ್ತಿದ್ದ ಕೆಳಗಿನ ರಸ್ತೆಯನ್ನು ನೋಡುತ್ತಾ, ಎಡಗೈಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದೆ. ಭೂಮಿ ಒಂದಿಷ್ಟು ಓರೆಯಾಯಿತು, ಕಾಫಿ ಗಿಡಗಳು ಎಡಗಡೆಯಿಂದ ಮೇಲೇರಿ ಬಂದವು, ನಾವಿಬ್ಬರೂ ಒಟ್ಟಿಗೆ ಬಾಗಿ ಒಟ್ಟಿಗೆ ನೆಟ್ಟಗಾದೆವು. ಕೆಳಗೆ ನಿಂತಿದ್ದ ರೈಟರು ಕೈಯೆತ್ತಿ ಕೂಗಿದರು: "ಹೋ! ಟೀಚರಮ್ಮನ ತಲೆಸುತ್ತು ಹೋಯ್ತಾ?"

"ಹೋಯ್ತು ರೈಟ್ರೇ!" ಎಂದು ಜಾನಕಿ ಕೂಗಿದಳು. ಅವಳ ದನಿಯಲ್ಲಿ ನಗುವಿತ್ತು. ಅಂದು ಪ್ರಾರ್ಥನೆಗೆ ಬಹಳ ಮೊದಲೇ ಅವಳು ಶಾಲೆಯಲ್ಲಿದ್ದಳು.

ಸುದ್ದಿ ನಮಗಿಂತ ಮೊದಲೇ ಮನೆ ತಲುಪಿತ್ತು. ಮರುದಿನ ಬೆಳಿಗ್ಗೆ ಅತ್ತೆ ಗೆಲುವಿನಿಂದ ಬೀಗುತ್ತಾ ಲೋಟ ಹಿಡಿದು ಬಂದರು. "ನಾನ್ ಹೇಳ್ಲಿಲ್ವಾ, ಕಷಾಯ ಹಿಡಿಸಿದೆ. ಈಗ ನಿಲ್ಲಿಸ್ಬಾರ್ದು. ಇನ್ನು ಯುಗಾದಿ ತನಕ ದಿನಾ ಕುಡೀಬೇಕು." ಜಾನಕಿ ಲೋಟಕ್ಕೆ ಕೈಚಾಚಿದಳು. ಕೆಲಸ ಉಳಿದಿತ್ತು, ಮಾನ ಉಳಿದಿತ್ತು, ನಾನು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಅತ್ತೇ," ಎಂದೆ, "ಅವಳಿಗೆ ತಲೆ ಸುತ್ತುತ್ತಾನೇ ಇರ್ಲಿಲ್ಲ. ನಂಗೆ ತಿರುವಲ್ಲಿ ಗಾಡಿ ಹೊಡೆಯೋಕೆ ಬರ್ತಿರ್ಲಿಲ್ಲ. ಅದಕ್ಕೆ ಇಳೀತಿದ್ಲು."

ಅತ್ತೆ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಮಗಳು ಗೋಡೆಯತ್ತ ತಿರುಗಿದ್ದಳು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿ ಕಾದೆ. ಅವರು ಲೋಟವನ್ನು ನನ್ನ ಮುಂದೆ ಇಟ್ಟರು.

"ಹಾಗಾದ್ರೆ ನೀವೇ ಕುಡೀರಿ. ಕಾಯ್ಸಿದ್ದನ್ನ ಚೆಲ್ಲೋಕಾಗುತ್ತಾ?"

ಕುಡಿದೆ. ಹೆಸರಿಗೆ ಮಾತ್ರ ಅಮೃತ. ಮೊದಲ ಗುಟುಕಿಗೇ ನಾಲಿಗೆ ಬುಡದವರೆಗೆ ಮುದುಡಿ, ಕಣ್ಣಲ್ಲಿ ನೀರು ಬಂತು. ಇಷ್ಟು ಕಾಲ ದಿನಾ ಬೆಳಿಗ್ಗೆ ಜಾನಕಿ ಮುಖ ಸಿಂಡರಿಸದೆ ಲೋಟ ತೊಳೆದಿಟ್ಟು, ನಗುತ್ತಾ ಬಂದು ನನ್ನ ಹಿಂದೆ ಕುಳಿತುಕೊಳ್ಳುತ್ತಿದ್ದದ್ದು ಇದನ್ನು ಕುಡಿದೇ. ಅರ್ಧದಲ್ಲಿ ಲೋಟ ಕೆಳಗಿಡಲು ನನಗೆ ಮುಖವಿರಲಿಲ್ಲ.