ಒಗೆಯುವ ಕಲ್ಲಿನ ಮೇಲ್ಮುಖ

ಬ್ಯಾಟರಾಯನಪುರದ ಬಾಡಿಗೆ ಮನೆ ಬಿಟ್ಟು ಜಕ್ಕೂರಿನ ಫ್ಲ್ಯಾಟಿಗೆ ಹೋಗುವುದೆಂದು ತೀರ್ಮಾನವಾದಾಗ ಅವ್ವ ಹಟ ಹಿಡಿದು ಕೂತಳು. ಹಿತ್ತಲಿನ ಒಗೆಯುವ ಕಲ್ಲನ್ನು ಬಿಟ್ಟು ತಾನು ಎಲ್ಲಿಗೂ ಬರುವುದಿಲ್ಲವಂತೆ. ಫ್ಲ್ಯಾಟಿನ ಬಚ್ಚಲಲ್ಲಿ ನಿಂತರೆ ಎರಡೂ ಮೊಣಕೈ ಗೋಡೆಗೆ ತಾಗುತ್ತವೆ. ನಾಲ್ಕು ಜನ ಹಿಡಿದರೂ ಅಲುಗಾಡದ ಆ ಚಪ್ಪಡಿಯನ್ನು ಎಲ್ಲಿಡುವುದು?

"ಅರಬಿ ಒಗ್ಯಾಕ ಮಷೀನ ಐತಲ್ಲವ್ವಾ," ಎಂದೆ.

"ಅರಬಿ ಮಷೀನ ಒಗೀತೈತಿ. ನಾ ಏನ ಮಾಡ್ಲಿ?"

ಇಂಥ ಪ್ರಶ್ನೆ ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಅಂದೂ ಬಂತು.

ನಮ್ಮೂರು ಸವದತ್ತಿ ಕಡೆಯ ಗುಡ್ಡದ ಬುಡದಲ್ಲಿದೆ. ಅಪ್ಪನಿಗೆ ಯಶವಂತಪುರದ ಹತ್ತಿರ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಜೋಳದ ಚೀಲಗಳ ಜೊತೆ ಲಾರಿಯಲ್ಲಿ ಈ ಕಲ್ಲೂ ಬೆಂಗಳೂರಿಗೆ ಬಂತು. ಅಪ್ಪ ಹೋದ ಮೇಲೂ ಅವ್ವ ಅದರ ಮೇಲೆಯೇ ಒಗೆದಳು. ಮೈಯುದ್ದಕ್ಕೂ ಅಲೆಅಲೆಯಾಗಿರುವ ಆ ಕಲ್ಲನ್ನು ಸಣ್ಣವಳಿದ್ದಾಗಿನಿಂದ ನೋಡಿ ನೋಡಿಯೇ ನಾನು ಭೂವಿಜ್ಞಾನ ಓದಿದೆನೋ ಏನೋ. ಈಗ ಯಲಹಂಕದ ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಕಲ್ಲು ಓದಿದವಳ ತಲೆಯೂ ಕಲ್ಲೇ ಎಂದು ಅವ್ವ ಆಗಾಗ ಕಾಲೆಳೆಯುವುದುಂಟು.

ನೂರು ಕೋಟಿ ವರ್ಷಕ್ಕೂ ಹಿಂದೆ ನಮ್ಮೂರ ಜಾಗದಲ್ಲಿ ಆಳವಿಲ್ಲದ ಸಮುದ್ರವಿತ್ತು. ದಡದ ಮರಳಿನ ಮೇಲೆ ನೀರು ಹಿಂದೆ ಮುಂದೆ ತೂಗಿ ಗೆರೆ ಎಬ್ಬಿಸಿತು, ಅದರ ಮೇಲೆ ಇನ್ನೊಂದು ಪದರ ಮರಳು ಬಿತ್ತು. ಆಮೇಲೆ ನೆಲದಾಳದ ಒತ್ತಡಕ್ಕೆ ಮರಳಿನ ಕಾಳುಗಳು ಒಂದಕ್ಕೊಂದು ಬೆಸೆದುಕೊಂಡು ಕ್ವಾರ್ಟ್ಜೈಟ್ ಎಂಬ ಗಟ್ಟಿ ಕಲ್ಲಾದವು. ಸುತ್ತಲಿನ ಮೆದು ಕಲ್ಲು ಮಳೆ ಗಾಳಿಗೆ ಕರಗಿ ಬಯಲಾದಾಗ ಇದೊಂದು ಮಣಿಯದೆ ಉಳಿದು, ಉದ್ದಾನುದ್ದ ಗುಡ್ಡದ ಸಾಲಾಗಿ ನಿಂತಿತು. ಇಲ್ಲಿ ಬೆಂಗಳೂರಿನಲ್ಲಿ ಪಾಯ ತೋಡಿದರೆ ಸಿಗುವ ಕಲ್ಲು ಬೇರೆ ಜಾತಿಯದು. ಅದರಲ್ಲಿ ಯಾವ ಸಮುದ್ರದ ಗುರುತೂ ಇಲ್ಲ.

ಕೊನೆಗೆ ಒಂದು ದಾರಿ ಹೊಳೆಯಿತು. ಕಲ್ಲನ್ನು ನಮ್ಮ ಕಾಲೇಜಿನ ಅಂಗಳದಲ್ಲಿ ಇಡೋಣ, ಬೇಕೆನಿಸಿದಾಗ ನೀನು ಬಂದು ನೋಡಬಹುದು ಎಂದೆ.

"ಮುಟ್ಟಾಕ ಬಿಡ್ತಾರ?"

"ನಾನಿದ್ದೀನಲ್ಲ, ಬಿಡ್ತಾರ."

"ಹಂಗಾರ ಒಯ್ಯಿ."

ಕಲ್ಲು ಕೀಳಲು ಬಂದ ಮೇಸ್ತ್ರಿ ಅದನ್ನು ನೋಡಿ ನಕ್ಕ. "ಇದನ್ಯಾಕ್ ಸಾಗಿಸ್ತೀರಾ ಮೇಡಂ? ಒಡ್ದು ಬಿಸಾಕಿ. ಫಸ್ಟ್ ಕ್ಲಾಸ್ ಗ್ರಾನೈಟ್ ಪೀಸ್ ಕೊಡ್ಸ್ತೀನಿ." ಅವನಿಗೆ ಒಂದು ಪಾಠ ಮಾಡಿಬಿಡಬೇಕೆಂದುಕೊಂಡೆ, ಆದರೆ ಹಾರೆ ಅವನ ಕೈಯಲ್ಲಿತ್ತು. ಸಿಮೆಂಟು ಬಿಡಿಸಿ ಕಲ್ಲನ್ನು ಮಗುಚಿದಾಗ ನಾನು ಕೂಗಿಯೇಬಿಟ್ಟೆ. ಇಷ್ಟು ವರ್ಷ ನೆಲ ಕಚ್ಚಿಕೊಂಡಿದ್ದ ಮಗ್ಗುಲಲ್ಲೂ ಅಲೆಗಳಿದ್ದವು, ಅವುಗಳ ನೆತ್ತಿ ಚೂಪಾಗಿತ್ತು. ನೀರು ಎಬ್ಬಿಸಿದ ಅಲೆಯ ನೆತ್ತಿ ಚೂಪು, ತಗ್ಗು ಅಗಲ. ಆ ತಗ್ಗುಗಳಲ್ಲಿ ಕೂತ ಮುಂದಿನ ಪದರದ ಮರಳಿನ ಅಡಿಭಾಗ ದುಂಡಗೆ ಉಬ್ಬಿರುತ್ತದೆ. ಪದರದ ಮೇಲ್ಮುಖ ಯಾವುದು, ಕೆಳಮುಖ ಯಾವುದು ಎಂದು ನಾವು ಹೇಳುವುದು ಹೀಗೆಯೇ. ಅವ್ವ ಒಗೆಯುತ್ತಿದ್ದದ್ದು ದುಂಡು ಮಗ್ಗುಲಿನ ಮೇಲೆ, ಅಂದರೆ ಕಲ್ಲನ್ನು ತಲೆಕೆಳಗಾಗಿ ಹಾಕಿದ್ದರು.

"ನಮ್ಮೂರಾಗ ಎಲ್ಲಾರೂ ಹಂಗಽ ಹಾಕ್ತಾರ," ಎಂದಳು ಅವ್ವ. "ಚೂಪಂದ ಮ್ಯಾಲಿದ್ರ ಸೀರಿ ಹರೀತಾವು."

ಕಾಲೇಜಿನಲ್ಲಿ ಕಲ್ಲು ಕೂರಿಸುವಾಗ ನಾನೂ ನನ್ನ ಸಹೋದ್ಯೋಗಿಯೂ ಒಂದು ಕ್ಷಣವೂ ಯೋಚಿಸಲಿಲ್ಲ. ಸಮುದ್ರ ಬಿಟ್ಟುಹೋದ ಹಾಗೆ ಮೇಲ್ಮುಖ ಮೇಲಿರಬೇಕು. ಚೂಪು ಅಲೆಗಳ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಎಷ್ಟು ಚಂದ ಕಾಣುತ್ತಿತ್ತು! ಪಕ್ಕದಲ್ಲಿ ಒಂದು ಫಲಕವನ್ನೂ ನಿಲ್ಲಿಸಿದೆವು.

ಫ್ಲ್ಯಾಟಿಗೆ ಬಂದ ಮೇಲೆ ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಗೆಯುವಾಗ ಕೈ ಊರುತ್ತಿದ್ದ ಕಡೆಯಲ್ಲೇ ಅಂಗೈ ಊರಿದಳು. ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

"ಇದು ನಂದಲ್ಲ."

"ಅದೇ ಕಲ್ಲವ್ವಾ. ಸರಿಯಾಗಿ ಇಟ್ಟೀವಿ, ಅಷ್ಟೇ. ನೀನು ಒಗೆದದ್ದು ಕೆಳಗೈತಿ."

ಅವ್ವ ಬಗ್ಗಿ, ಕಲ್ಲಿನ ಅಂಚಿನಡಿ ಬೆರಳು ತೂರಿಸಿ ತಡಕಾಡಿದಳು. ಕೆಳಗೆಲ್ಲ ಸಿಮೆಂಟು. ಕೈ ಹೊರಗೆ ತೆಗೆದು ಕೇಳಿದಳು, "ಅಷ್ಟು ವರ್ಷ ತಿಕ್ಕೀನಿ. ಸ್ವಲ್ಪರ ಸವದಿತ್ತಾ?"

ಹೌದು ಎಂದುಬಿಡಬಹುದಿತ್ತು. ಆದರೆ ಕಲ್ಲಿನ ವಿಷಯದಲ್ಲಿ ಸುಳ್ಳು ನನ್ನ ಬಾಯಿಗೆ ಬರುವುದಿಲ್ಲ. ಇದು ಸವೆಯುವ ಜಾತಿಯಾಗಿದ್ದರೆ ನಮ್ಮೂರಲ್ಲಿ ಗುಡ್ಡವೇ ಇರುತ್ತಿರಲಿಲ್ಲ.

"ಇಲ್ಲವ್ವಾ. ಇದು ಸವೆಯೋದಿಲ್ಲ."

"ಹೌದಾ," ಎಂದು ಅವ್ವ ಸಿಮೆಂಟಿನ ಪುಡಿ ಹತ್ತಿದ ಕೈ ನೋಡಿಕೊಂಡಳು. ನಾನೂ ನೋಡಿದೆ. ಬೆರಳ ತುದಿಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಬ್ಯಾಂಕಿನ ಯಂತ್ರ ಪ್ರತಿ ಸಲ ಅವಳ ಬೆರಳಚ್ಚನ್ನು ಒಪ್ಪದೆ ವಾಪಸು ಕಳಿಸುವಾಗ, ಯಂತ್ರವೇ ಕೆಟ್ಟಿದೆ ಎಂದು ನಾನು ಕೌಂಟರಿನವರ ಮೇಲೆ ರೇಗುತ್ತಿದ್ದೆ. ಕಾಲೇಜಿನ ಅಂಗಳದಲ್ಲಿಯೇ, ಗೇಟಿನ ಕಾವಲುಗಾರನ ಎದುರಿಗೇ, ನನಗೆ ಅಳು ಬಂತು.

ಮರುವಾರ ಸಿಮೆಂಟು ಒಡೆಸಿ ಕಲ್ಲನ್ನು ಮಗುಚಿ ಹಾಕಿಸಿದೆ. ಸಹೋದ್ಯೋಗಿ ಇನ್ನೂ ಮುನಿಸಿಕೊಂಡಿದ್ದಾರೆ. ಈ ಪದರ ತಲೆಕೆಳಗಾಗಿದೆ, ಒಗೆಯುವವರ ಅನುಕೂಲಕ್ಕೆ ಹಾಗೆ ಇಟ್ಟಿದೆ, ದಯವಿಟ್ಟು ಮುಟ್ಟಿ ನೋಡಿ ಎಂದು ಫಲಕದಲ್ಲಿ ಬರೆಸಿದ್ದೇನೆ.