ಕಾರಿನಲ್ಲಿ ಜಾಗವಿರಲಿಲ್ಲ

ನಮ್ಮ ಮನೆಗೆ ಹಳೆಯ ಅಂಬಾಸಿಡರ್ ಕಾರು ಬಂದಾಗ ನಾನು ತಿಪಟೂರಿಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾವ ತೀರಿಕೊಂಡ ಮೇಲೆ ಕೊಬ್ಬರಿ ಮಂಡಿ ನನ್ನ ಗಂಡನ ಅಣ್ಣನ ಕೈಗೆ ಬಂದಿತ್ತು. ಕಾರು ಕೊಂಡವರೂ ಅವರೇ. ಪೂಜೆಯ ದಿನ ಕಾರಿಗೆ ಕುಂಕುಮವಿಟ್ಟು ಆರತಿ ಎತ್ತಿದ್ದು ಓರಗಿತ್ತಿ ಮತ್ತು ನಾನು. ಆಮೇಲೆ ಅದರಲ್ಲಿ ಓಡಾಡಿದವರೆಲ್ಲ ಗಂಡಸರು.

ಒಂದು ದಿನ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅತ್ತೆ ಅಂದರು: "ಮೈಸೂರಿಗೆ ಎಷ್ಟು ಸಲ ಹೋಗಿದೀನಿ, ದಾರಿ ಮಾತ್ರ ನೋಡಿಲ್ಲ ಕಣೇ. ಬಸ್ಸಿನ ಕಿಟಕೀಲಿ ಬೆಟ್ಟ ಕಾಣ್ತವೆ, ಓಡೋಯ್ತವೆ. ಒಂದು ಸಲ ನಿಂತ್ಕಂಡು ನೋಡ್ಬೇಕು."

ಮೈಸೂರಿನಲ್ಲಿ ಅವರ ತಂಗಿಯ ಮನೆಯಿತ್ತು. ಮದುವೆ, ಸಾವು ಬಿಟ್ಟರೆ ಅತ್ತೆ ಅಲ್ಲಿಗೆ ಹೋದದ್ದೇ ಇಲ್ಲ. ನಾನು ಮೈಸೂರಿನಲ್ಲಿ ಓದಿದವಳು, ಆ ದಾರಿ ನನಗೆ ಚೆನ್ನಾಗಿ ಗೊತ್ತು. "ಈಗ ಕಾರಿದೆಯಲ್ಲ ಅತ್ತೆ, ಬೇಕಾದಲ್ಲಿ ನಿಲ್ಲಿಸಬಹುದು" ಎಂದೆ. ಅವರ ಮುಖ ಅರಳಿತು.

ಅಂದಿನಿಂದ ಅಡುಗೆಮನೆಯಲ್ಲಿ ಅದೇ ಮಾತು. ತುರುವೇಕೆರೆ ದಾಟುವವರೆಗೂ ತೆಂಗಿನ ತೋಟಗಳ ನೆರಳು, ಅದರಾಚೆಯ ಬಯಲನ್ನು ಬಿಸಿಲು ಏರುವ ಮೊದಲೇ ದಾಟಬೇಕು. ನಾಗಮಂಗಲದಲ್ಲಿ ಕಾಫಿ. ಪಾಂಡವಪುರದ ಹತ್ತಿರ ರಸ್ತೆ ಬಿಟ್ಟು ಒಳಗೆ ಹೋದರೆ ತೊಣ್ಣೂರು ಕೆರೆ. ಕಾಲೇಜಿನಿಂದ ಅಲ್ಲಿಗೆ ಹೋಗಿದ್ದಾಗ ಬಂಡೆಗಳ ನಡುವೆ ಅಷ್ಟು ತಿಳಿಯಾದ ನೀರು ಕಂಡು ಬೆರಗಾಗಿದ್ದೆ. ಬುತ್ತಿ ಬಿಚ್ಚುವುದು ಅಲ್ಲಿಯೇ ಎಂದು ತೀರ್ಮಾನವಾಯಿತು. ಓರಗಿತ್ತಿ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಅವರಿದ್ದಿದ್ದರೆ ಅವರೂ ಸೇರುತ್ತಿದ್ದರು.

ಭಾವ ಒಪ್ಪಿದರು. ಒಪ್ಪಿದ ಮೇಲೆ ಒಂದೊಂದೇ ತಿದ್ದುಪಡಿ ಶುರುವಾಯಿತು. ನನ್ನೊಡನೆ ನೇರವಾಗಿ ಮಾತಾಡುವ ರೂಢಿ ಅವರಿಗಿರಲಿಲ್ಲ, ಏನಿದ್ದರೂ ಅತ್ತೆಗೆ ಹೇಳುವರು.

"ಅವ್ವ, ಚನ್ನರಾಯಪಟ್ಟಣದ ಮೇಲೆ ಹೋಗಣ. ಅಲ್ಲೊಬ್ಬ ವ್ಯಾಪಾರಿನ ನೋಡ್ಬೇಕು."

"ಅಲ್ಲಿ ಆ ಕೆರೆ ಸಿಗ್ತದಾ?"

"ಕೆರೆ ಏನ್ ನೋಡ್ತೀಯ ಬುಡವ್ವ. ನಮ್ಮೂರಲ್ಲಿ ಕೆರೆ ಇಲ್ವಾ?"

ಅತ್ತೆ ನನ್ನತ್ತ ನೋಡಿದರು. ನಾನು ಗಂಡನತ್ತ ನೋಡಿದೆ. ಅವರು ರೇಡಿಯೊದ ಕಿವಿ ತಿರುಗಿಸುತ್ತಿದ್ದರು. ರಾತ್ರಿ ಕೇಳಿದರೆ, "ಯಾವ ದಾರೀಲಿ ಹೋದ್ರೇನು, ಮೈಸೂರು ತಾನೆ?" ಎಂದು ಮಗ್ಗುಲಾದರು. ಮೈ ಉರಿದುಹೋಯಿತು. ಆದರೂ ಅತ್ತೆ, "ಹೋಗ್ಲಿ ಬುಡು, ಕಾರಲ್ಲಿ ಕೂರಣ" ಎಂದದ್ದಕ್ಕೆ ಸುಮ್ಮನಾದೆ. ಕೋಡುಬಳೆ ಕರಿದೆವು, ಕಾಯಿಹೋಳಿಗೆ ಬೇಯಿಸಿದೆವು. ಬೆಳಗಿನ ಜಾವ ಎದ್ದು ಚಿತ್ರಾನ್ನ ಕಲಸಿ ಎಲ್ಲವನ್ನೂ ಬುಟ್ಟಿಗೆ ತುಂಬಿದೆವು. ಭಾವನೇ ಅದನ್ನು ಡಿಕ್ಕಿಯಲ್ಲಿ ಇಟ್ಟು ಬಂದರು.

ಅತ್ತೆ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಧರಿಸಿ ಹೊರಗೆ ಬಂದಾಗ ಕಾರಿನ ಹಿಂದಿನ ಸೀಟು ತುಂಬಿತ್ತು. ಭಾವನ ಮಂಡಿಯ ಸ್ನೇಹಿತರು ಮೂವರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಮುಂದೆ ನನ್ನ ಗಂಡ.

ಭಾವ ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು: "ಅವ್ವ, ಏನೂ ತಿಳ್ಕಬ್ಯಾಡ. ಇವ್ರೂ ಬತ್ತೀವಿ ಅಂದ್ರು. ಬ್ಯಾಡ ಅನ್ನಾಕಾಯ್ತದಾ? ನೀವಿಬ್ರೂ ಬಸ್ಸಲ್ಲಿ ಬನ್ನಿ, ಚಿಕ್ಕವ್ವನ ಮನೇಲಿ ಸಿಗಣ."

ಅತ್ತೆ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು, ಅಷ್ಟೇ. ಆ ಹೆಂಗಸು ಭಾವನನ್ನು ಹೆತ್ತವಳು. ಊರಿನವರ ಎದುರಿಗೆ, ಉಟ್ಟು ತೊಟ್ಟು ಹೊಸಿಲು ದಾಟಿ ಬಂದವಳಿಗೆ ಹೀಗೆ ಹೇಳಬಹುದೆಂದು ಅವರಿಗೆ ಹೇಗೆ ಅನ್ನಿಸಿತೋ!

"ರೀ, ಡಿಕ್ಕಿ ತೆಗೀರಿ" ಎಂದೆ ಗಂಡನಿಗೆ.

"ಯಾಕೆ?"

"ಬುತ್ತಿ ಬೇಕು."

"ದಾರೀಲಿ ನಮ್ಗೆ?"

"ಚನ್ನರಾಯಪಟ್ಟಣದಲ್ಲಿ ಹೋಟ್ಲಿದೆ."

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು, ಆಮೇಲೆ ನಿಲ್ಲಿಸಿದರು. ನನ್ನ ಗಂಡ ಇಳಿದು ಬಂದು ಡಿಕ್ಕಿ ತೆಗೆದರು. ಬುಟ್ಟಿಯನ್ನು ನಾನೇ ಎತ್ತಿಕೊಂಡೆ. ಭಾರವಿತ್ತು. ಅದರ ಇನ್ನೊಂದು ಕಿವಿಯನ್ನು ಅತ್ತೆ ಹಿಡಿದರು. ಹಾಗೆಯೇ ಇಬ್ಬರೂ ಬಸ್ ಸ್ಟ್ಯಾಂಡಿನವರೆಗೂ ನಡೆದೆವು. ನಮ್ಮ ಪಕ್ಕದಲ್ಲೇ ಹಾರ್ನ್ ಹೊಡೆದುಕೊಂಡು ಕಾರು ಹೋಯಿತು.

ತುರುವೇಕೆರೆಯ ಮೇಲೆ ಹೋಗುವ ಬಸ್ಸಿನಲ್ಲಿ ಅತ್ತೆಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾಗಮಂಗಲ ದಾಟುವವರೆಗೂ ಅವರು ಹೊರಗೇ ನೋಡುತ್ತಿದ್ದರು. ಆಮೇಲೆ ಥಟ್ಟನೆ ಕೇಳಿದರು: "ಆ ಕೆರೆಗೆ ಎಲ್ಲಿ ಇಳೀಬೇಕು?"

"ಪಾಂಡವಪುರದಲ್ಲಿ. ಅಲ್ಲಿಂದ ಜಟಕಾ ಮಾಡ್ಬೇಕು ಅತ್ತೆ. ಮೈಸೂರಲ್ಲಿ ಅವ್ರು ಕಾಯ್ತಾರೆ."

"ಕಾಯ್ಲಿ ಕಣೇ."

ಇಳಿದೆವು. ಏರಿಯ ಮೇಲೆ ನಿಂತು ಅತ್ತೆ ಬಹಳ ಹೊತ್ತು ನೀರು ನೋಡಿದರು, ನೀರಿನಾಚೆಯ ಬೆಟ್ಟ ನೋಡಿದರು. ರೇಷ್ಮೆ ಸೀರೆ ಮೊಣಕಾಲಿನವರೆಗೆ ಎತ್ತಿ ನೀರಿಗಿಳಿದರು. ಬಂಡೆಯ ಮೇಲೆ ಕೂತು ಹೋಳಿಗೆ ತಿಂದೆವು. ಜಟಕಾದವನಿಗೂ ಕೊಟ್ಟೆವು. ಮೈಸೂರು ತಲುಪಿದಾಗ ದೀಪ ಹಚ್ಚಿದ್ದರು. ಗಾಬರಿಯಾಗಿದ್ದ ಭಾವ ಗೇಟಿನಲ್ಲೇ ರೇಗಿದರು: "ಎಲ್ಲಿ ಹೋಗಿದ್ರಿ?"

"ದಾರಿ ನೋಡಾಕೆ" ಎಂದು ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋದರು. ವಾಪಸು ಬರುವಾಗ ಭಾವ ಸ್ನೇಹಿತರನ್ನು ಬಸ್ಸಿಗೆ ಕಳಿಸಿ ಹಿಂದಿನ ಸೀಟು ಖಾಲಿ ಮಾಡಿಕೊಟ್ಟರು. ಅತ್ತೆ ಹತ್ತಲಿಲ್ಲ, ನಾನೂ ಹತ್ತಲಿಲ್ಲ.

ಆದರೆ ತಿಪಟೂರಿನಲ್ಲಿ ಭಾವ ಕಂಡವರಿಗೆಲ್ಲ, "ಅವ್ವನ್ನ ಕಾರಲ್ಲಿ ಮೈಸೂರಿಗೆ ಕರ್ಕಂಡೋಗಿದ್ದೆ" ಎಂದು ಹೇಳಿಕೊಂಡು ಓಡಾಡಿದರು. ಅತ್ತೆ ಕೇಳಿಸಿಕೊಂಡು ಸುಮ್ಮನಿದ್ದರು. ನನ್ನಿಂದ ಆಗಲಿಲ್ಲ. ಒಮ್ಮೆ ಮನೆಗೆ ಬಂದ ನೆಂಟರೆದುರು ಭಾವ ಅದನ್ನೇ ಹೇಳಿದಾಗ, ಕಾಫಿ ಲೋಟಗಳನ್ನು ಇಡುತ್ತಾ, ಮೊದಲ ಸಲ ಅವರಿಗೇ ನೇರವಾಗಿ ಹೇಳಿದೆ: "ಇಲ್ಲ. ನಾವು ಬಸ್ಸಲ್ಲಿ ಹೋದ್ವಿ."

ರಾತ್ರಿ ನನ್ನ ಗಂಡ, "ನೆಂಟ್ರ ಮುಂದೆ ಅಣ್ಣನ ಮರ್ಯಾದೆ ತೆಗೀಬೇಕಿತ್ತಾ?" ಎಂದರು. ಅವ್ವನ ಮರ್ಯಾದೆಯ ಬಗ್ಗೆ ಅವರು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಈಗ ನೆನೆದರೂ ನನಗೆ ಸಿಟ್ಟು ಬರುವುದು ಅದಕ್ಕೇ.