ಎಡಗೆನ್ನೆಯ ಬಿಳಿ ಕಲೆ ಮತ್ತು ಅಗ್ಗದ ಕ್ಯಾಮೆರಾ

ಓದುವ ಮಾನ್ಯರ ಅವಗಾಹನೆಗೆ ಮೊದಲಿಗೇ ತರಬಯಸುವುದೇನೆಂದರೆ, ಕಚೇರಿಯ ಪತ್ರಗಳನ್ನು ಬೆರಳಚ್ಚು ಮಾಡಿದ್ದನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವಳಲ್ಲ. ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ವಿಷಯವು ಅರವತ್ತರ ದಶಕದ ಆರಂಭದಲ್ಲಿ ನನ್ನ ಸೋದರಮಾವ ಕೊಂಡು ತಂದ ಒಂದು ಅಗ್ಗದ ಪೆಟ್ಟಿಗೆ ಕ್ಯಾಮೆರಾಕ್ಕೆ, ಮತ್ತು ಅದರ ದೆಸೆಯಿಂದ ನನಗುಂಟಾದ ಭಯಕ್ಕೆ ಸಂಬಂಧಿಸಿದ್ದು.

ನಾವು ಜಯನಗರದಲ್ಲಿ ಮನೆ ಕಟ್ಟಿಸಿ ಆಗಷ್ಟೇ ಬಂದಿದ್ದೆವು. ಅಕ್ಕಪಕ್ಕದ ಸೈಟುಗಳು ಇನ್ನೂ ಖಾಲಿ ಬಿದ್ದಿದ್ದವು. ನನಗೆ ಗಂಡು ನೋಡುತ್ತಿದ್ದರು. ಜಾತಕದೊಡನೆ ಹುಡುಗಿಯ ಫೋಟೋ ಕಳುಹಿಸುವ ವಾಡಿಕೆ ಅಷ್ಟುಹೊತ್ತಿಗೆ ನಮ್ಮವರಲ್ಲೂ ಬಂದಿತ್ತು. ಪ್ರತಿ ಸಂಬಂಧಕ್ಕೂ ಸ್ಟುಡಿಯೋಗೆ ಅಲೆಯುವ ಬದಲು ಮನೆಯಲ್ಲೇ ಒಂದು ಕ್ಯಾಮೆರಾ ಇರುವುದು ಲಾಭಕರವೆಂದು ವಾದಿಸಿ, ಮಾವ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಅಂಗಡಿಯಿಂದ ಯಾರೋ ಬಳಸಿ ಬಿಟ್ಟಿದ್ದ ಕ್ಯಾಮೆರಾ ಒಂದನ್ನು ತಂದರು. ತೆಂಗಿನಕಾಯಿ ಆರಿಸುವವರಂತೆ ಅದನ್ನು ಅಪ್ಪನ ಕಿವಿಯ ಬಳಿ ಅಲ್ಲಾಡಿಸಿದರು.

“ನೋಡಿ ಭಾವ, ಒಳಗಡೆ ಒಂಚೂರು ಸದ್ದಿದ್ಯಾ? ಇಷ್ಟು ಕಮ್ಮಿಗೆ ಇಂಥದ್ದು ಇನ್ನೊಂದು ತೋರಿಸ್ಬಿಡಿ, ಮೀಸೆ ತೆಗೆಸ್ತೀನಿ.”

“ಮೀಸೆ ಇದ್ರೆ ತಾನೇನಯ್ಯಾ ತೆಗ್ಸೋದು?” ಎಂದರು ಅಪ್ಪ.

ಸದರಿ ಕ್ಯಾಮೆರಾದ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮರುದಿನ ನಡು ಮಧ್ಯಾಹ್ನ ಹಿತ್ತಲಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಅಮ್ಮ ನನ್ನ ಜಡೆ, ಸೆರಗು ಸರಿಮಾಡಿ ಮುಗಿಸುವವರೆಗೂ ಕ್ಯಾಮೆರಾ ಸ್ಟೂಲಿನ ಮೇಲೆ ಬಿಸಿಲಲ್ಲಿ ಕಾಯುತ್ತಿತ್ತು. ತೊಳೆಸಿ ತಂದಾಗ ಆ ರೋಲಿನಲ್ಲಿ ಒಂದೇ ಚಿತ್ರ ಅಲುಗದೆ ಮೂಡಿತ್ತು. ಅದರಲ್ಲಿ ನನ್ನ ಎಡಗೆನ್ನೆಯ ಮೇಲೆ ಅವರೆಕಾಳಿನಷ್ಟು ಬಿಳಿ ಕಲೆ ಕಾಣುತ್ತಿತ್ತು.

“ಇದೇನೋ ಇದು?” ಎಂದು ಅಮ್ಮ ಕೇಳಿದರು.

“ಬಿಸಿಲು ಕಣಕ್ಕ. ಮುಖಕ್ಕೆ ಕಳೆ ಬಂದಿದೆ, ಅಷ್ಟೇ” ಎಂದ ಮಾವ ಅದನ್ನೇ ಜಾತಕದೊಡನೆ ತ್ಯಾಗರಾಜನಗರದ ಗಂಡಿನ ಮನೆಗೆ ಕೊಟ್ಟು ಬಂದರು.

ಆ ಶುಕ್ರವಾರ ಗಂಡಿನ ದೊಡ್ಡಮ್ಮ ಹೇಳದೆ ಕೇಳದೆ ಬಂದರು. ನಾನು ಎಣ್ಣೆನೀರು ಹಾಕಿಕೊಂಡು, ಶುಕ್ರವಾರದ ವಾಡಿಕೆಯಂತೆ ಕೆನ್ನೆಗೆ ಅರಿಶಿನ ಬಳಿದುಕೊಂಡಿದ್ದೆ. ಅವರು ನನ್ನ ಗದ್ದ ಹಿಡಿದು ಎಡಗೆನ್ನೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿದರು.

“ಚಿಕ್ಕೋಳಿದ್ದಾಗ ಇಲ್ಲೇನಾದ್ರೂ ಸುಟ್ಟಿತ್ತೇನಮ್ಮಾ?”

ಇಲ್ಲವೆಂದೆ. ಮುಖ ತೊಳೆದು ಬರಲು ಹೇಳಿದರು. ತೊಳೆದು ಬಂದೆ, ಹಳದಿ ಹೋಗಲಿಲ್ಲ.

“ಇವತ್ತೇ ಇಷ್ಟು ದಟ್ಟವಾಗಿ ಹಚ್ಕೊಂಡಿದ್ದೀಯ” ಎಂದವರು, ಅಮ್ಮನ ಕಡೆ ತಿರುಗಿ, “ನೀವೇನೂ ತಪ್ಪು ತಿಳ್ಕೋಬೇಡಿ. ಫೋಟೋಗೆ ಸುಳ್ಳು ಹೇಳಿ ಏನಾಗ್ಬೇಕು?” ಎಂದು ಹೊರಟುಹೋದರು.

ತೊನ್ನು ಎಂಬ ಶಬ್ದವನ್ನು ಅವರು ಆಡಲಿಲ್ಲ, ನಮ್ಮ ಮನೆಯಲ್ಲೂ ಯಾರೂ ಆಡಲಿಲ್ಲ. ಆದರೆ ಆ ಶಬ್ದ ಒಮ್ಮೆ ಹೊರಬಿದ್ದರೆ ನನಗಿರಲಿ, ನನ್ನ ತಂಗಿಗೂ ಯಾವ ಮನೆಯವರೂ ಬರುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಅಮ್ಮ ಊಟ ಬಡಿಸುವ ನೆಪದಲ್ಲಿ ಬಗ್ಗಿ ನನ್ನ ಕೆನ್ನೆ ನೋಡುತ್ತಿದ್ದರು. ನಾನು ಕಚೇರಿಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ಎಡಗೈಯಿಂದ ಆ ಜಾಗವನ್ನು ಮುಟ್ಟಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ಏನೂ ಇರಲಿಲ್ಲ. ಆದರೂ ಚರ್ಮದ ಒಳಗೆ ಮೊದಲೇ ಶುರುವಾದದ್ದನ್ನು ಕ್ಯಾಮೆರಾ ನಮಗಿಂತ ಮುಂಚೆ ಕಂಡಿರಬಹುದೇ ಎಂಬ ಯೋಚನೆ ಹೊಕ್ಕಿತು. ಅದನ್ನು ಯಾರಲ್ಲೂ ಹೇಳಲು ಧೈರ್ಯವಾಗಲಿಲ್ಲ.

ಕ್ಯಾಮೆರಾ ಕೆಟ್ಟದ್ದಾಗಿರಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಅದು ಒಳ್ಳೆಯದೆಂದು ತೋರಿಸಲು ಮಾವ ಹಟ ಹಿಡಿದರು. ಸಂಜೆಯ ನೆರಳಿನಲ್ಲಿ ಅಪ್ಪ, ಅಮ್ಮ, ತಂಗಿ ಎಲ್ಲರದೂ ತೆಗೆದರು. ಚಿತ್ರಗಳು ಬಂದವು. ಯಾರ ಕೆನ್ನೆಯಲ್ಲೂ ಕಲೆ ಇರಲಿಲ್ಲ.

“ನಾನು ಹೇಳ್ಲಿಲ್ವಾ ಭಾವ? ಕ್ಯಾಮೆರಾದಲ್ಲಿ ಐಬಿಲ್ಲ” ಎಂದವರು, ತಮ್ಮ ಮಾತಿನ ಅರ್ಥ ಹೊಳೆದು, ನನ್ನ ಮುಖ ನೋಡಿ ಚಿತ್ರಗಳನ್ನು ಲಕೋಟೆಗೆ ತುಂಬತೊಡಗಿದರು. ಅಮ್ಮ ಎದ್ದು ಅಡುಗೆಮನೆಗೆ ಹೋದರು.

ಆದರೂ ನಾನು ಒಂದು ವಿನಂತಿ ಮಾಡಿಕೊಂಡೆ: ಅದೇ ಹೊತ್ತಿನಲ್ಲಿ, ಅದೇ ಕುರ್ಚಿಯಲ್ಲಿ, ಕ್ಯಾಮೆರಾವನ್ನು ಅಷ್ಟೇ ಹೊತ್ತು ಬಿಸಿಲಲ್ಲಿಟ್ಟು ಬೇರೊಬ್ಬರ ಚಿತ್ರ ತೆಗೆಯಬೇಕು. ಅಮ್ಮ ಕೂರಲು ಒಲ್ಲೆನೆಂದರು.

“ನಡಿಯಯ್ಯಾ, ನೀನೇ ಕೂತ್ಕೋ” ಎಂದು ಅಪ್ಪ ಮಾವನನ್ನು ಕೂರಿಸಿ ತಾವೇ ಗುಂಡಿ ಒತ್ತಿದರು.

ಆ ಚಿತ್ರ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಮಾವನೇ ಸ್ಟುಡಿಯೋದಿಂದ ತಂದು ಮೇಜಿನ ಮೇಲಿಟ್ಟರು. ಅವರ ಎಡಗೆನ್ನೆಯಲ್ಲಿ ಅವರೆಕಾಳಿನಷ್ಟೇ ಬಿಳಿ ಕಲೆಯಿತ್ತು. ಅಪ್ಪ ಕ್ಯಾಮೆರಾವನ್ನು ಸೂರ್ಯನಿಗೆ ಹಿಡಿದು, ಹಿಂದಿನ ಮುಚ್ಚಳ ತೆಗೆದು ಒಳಗೆ ನೋಡಿದರು. ತಗಡಿನ ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಹೊಳೆಯುತ್ತಿತ್ತು; ಬಿಸಿಲಲ್ಲಿಟ್ಟಾಗ ಆ ತೂತಿನಿಂದಲೇ ಬೆಳಕು ನುಗ್ಗಿ ಫಿಲ್ಮಿಗೆ ಕಲೆ ಹಚ್ಚಿತ್ತು.

“ಮೋಸ ಹೋದೆ ಭಾವ” ಎಂದರು ಮಾವ. ಅಂಗಡಿಯವನನ್ನು ಬೈಯಲೂ ಇಲ್ಲ. ತಮ್ಮ ಚಿತ್ರವನ್ನು ಜೇಬಿಗಿಟ್ಟುಕೊಂಡು ತ್ಯಾಗರಾಜನಗರಕ್ಕೆ ಹೋಗಿ, ನನ್ನದರ ಪಕ್ಕದಲ್ಲಿಟ್ಟು ತೋರಿಸಿ ಬಂದರು.

“ನಿಮಗೂ ಹೆಣ್ಣು ಸಿಗೋದು ಕಷ್ಟ ಬಿಡಿ” ಎಂದು ಆ ದೊಡ್ಡಮ್ಮ ನಕ್ಕರಂತೆ.

ಅನುಭವದಿಂದ ನಾನು ಅರಿಕೆ ಮಾಡಿಕೊಳ್ಳುವುದಿಷ್ಟೆ: ಅಗ್ಗದ ಕ್ಯಾಮೆರಾ ಕೊಳ್ಳುವವರು ಮೊದಲ ರೋಲನ್ನು ಗೋಡೆಯ ಮೇಲೋ ಗಿಡದ ಮೇಲೋ ಖರ್ಚು ಮಾಡಬೇಕು, ಬಿಸಿಲಲ್ಲೂ ನೆರಳಲ್ಲೂ. ಗೋಡೆಗೆ ಕಲೆ ಬಂದರೆ ಯಾರೂ ಅದರ ಗದ್ದ ಹಿಡಿದು ನೋಡುವುದಿಲ್ಲ.

ಮಾವ ಹೋಗಿ ಬಂದ ಮೇಲೆ, ಬುಧವಾರ ದೊಡ್ಡಮ್ಮ ಮತ್ತೆ ಬಂದರು. ನಾನು ನಾಲ್ಕು ದಿನಗಳಿಂದ ಅರಿಶಿನ ಮುಟ್ಟಿರಲಿಲ್ಲ. ಅವರು ಒದ್ದೆ ಸೆರಗಿನಿಂದ ನನ್ನ ಕೆನ್ನೆ ಒರೆಸಿ ನೋಡಿದರು.

“ಏನೂ ಇಲ್ಲ ಕಣ್ರೀ. ಲಗ್ನ ಇಡಿಸಿ” ಎಂದು ಅಮ್ಮನಿಗೆ ಹೇಳಿದರು. ಕಾಫಿ ಕುಡಿದು ಏಳುವಾಗ, “ಬೇಜಾರು ಮಾಡ್ಕೋಬೇಡಮ್ಮಾ, ಅದು ಮೊಣಕೈಯಲ್ಲೂ ಶುರುವಾಗುತ್ತಂತೆ, ಒಂದ್ಸಲ ತೋರಿಸ್ಬಿಡು” ಎಂದರು.

“ಸಾಕು ಬಿಡಿ” ಎಂದು ಅಮ್ಮ ಅಡ್ಡ ಬಂದರು.

ನಾನೇ ರವಿಕೆಯ ತೋಳು ಮೇಲೆ ಸರಿಸಿ ಕಿಟಕಿಯ ಬಳಿ ಹೋದೆ. ದೊಡ್ಡಮ್ಮ ಒಂದು ಕಡೆಯಿಂದ ಬಗ್ಗಿದರು, ನಾನು ಇನ್ನೊಂದು ಕಡೆಯಿಂದ ಕತ್ತು ತಿರುಗಿಸಿದೆ. ನೋಡುವ ಅಗತ್ಯ ಅವರಷ್ಟೇ ನನಗೂ ಇತ್ತು.